ಕಟೌಟು ಬೀದಿಗೆ ಬೇಡ, ಟೆಂಟು ಮನೆಗೆ ಬರಲಿ!

ಗಾಂಧಿ ಕ್ಲಾಸಿನ ಬಂಧುಗಳೇ,

ಈ ವಾರ ಗಾಳಿಸುದ್ದಿಗೆ ರಜಾ. ಯಾವ ನಿರ್ಮಾಪಕರ ಚೆಕ್ಕು ಬೌನ್ಸ್ ಆಯಿತು, ಯಾವ ನಾಯಕಿ ಯಾರ ಮೇಲೆ ಮುನಿಸಿಕೊಂಡರು ಅನ್ನೋದನ್ನೆಲ್ಲ ಪಕ್ಕದ ಪುಟದವರು ಬರೆದಿರುತ್ತಾರೆ, ಅಲ್ಲೇ ಓದಿಕೊಳ್ಳಿ. ನಾನು ಹೇಳಹೊರಟಿರುವುದು ಹುಟ್ಟುಹಬ್ಬದ ವಿಚಾರ. ನಿಮ್ಮದಲ್ಲ, ನಿಮ್ಮ ಬಾಸ್‌ದು!

ಪಂಚಾಂಗದಲ್ಲಿ ಇಲ್ಲದ ಹಬ್ಬಗಳು ನಮಗೆ ಎಷ್ಟಿವೆ, ಲೆಕ್ಕ ಹಾಕಿ. ಜನವರಿ 8 ಯಶ್. ಮಾರ್ಚ್ 17 ಅಪ್ಪು. ಏಪ್ರಿಲ್ 24 ಅಣ್ಣಾವ್ರು. ಮೇ 29 ಅಂಬರೀಶಣ್ಣ. ಸೆಪ್ಟೆಂಬರ್ 18 ವಿಷ್ಣು ದಾದಾ, ಅದೇ ದಿನ ಉಪ್ಪಿ. ನವೆಂಬರ್ 9 ಶಂಕ್ರಣ್ಣ. ಯುಗಾದಿಗೆ ಹೊಸ ಬಟ್ಟೆ ತಗೊಳ್ಳದವನೂ ಈ ದಿನಗಳಲ್ಲಿ ಜೇಬು ಖಾಲಿ ಮಾಡಿಕೊಳ್ಳುತ್ತಾನೆ. ಕಟೌಟು, ಹೂವಿನ ಹಾರ, ಹಾಲಿನ ಅಭಿಷೇಕ, ಪಟಾಕಿ, ಡೊಳ್ಳು! ಬೀದಿಯೆಲ್ಲ ಜಾತ್ರೆ. ಆದರೆ ಸ್ವಾಮಿ, ಆ ಜಾತ್ರೆಯಲ್ಲಿ ನಿಮ್ಮ ಅಮ್ಮ ಎಲ್ಲಿದ್ದಾರೆ? ತಂಗಿ ಎಲ್ಲಿದ್ದಾಳೆ? ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ನಿಮಗೆ ಮೊದಲ ಸಿನಿಮಾ ತೋರಿಸಿದ ಅಪ್ಪ ಎಲ್ಲಿದ್ದಾರೆ?

ಮನೆಯಲ್ಲಿದ್ದಾರೆ. ನೀವು ಎಷ್ಟು ಹೊತ್ತಿಗೆ ಬರುತ್ತೀರೋ ಅಂತ ಬಾಗಿಲು ನೋಡುತ್ತಾ ಕೂತಿದ್ದಾರೆ.

ಇದನ್ನು ಸುಮ್ಮನೆ ಹೇಳುತ್ತಿಲ್ಲ. 2024ರ ಜನವರಿಯಲ್ಲಿ ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲೂಕಿನ ಸೂರಣಗಿಯಲ್ಲಿ ಏನಾಯಿತು, ನೆನಪಿದೆಯಲ್ಲ? ಯಶ್ ಹುಟ್ಟುಹಬ್ಬಕ್ಕೆಂದು ರಾತ್ರಿ ಹೊತ್ತು ಕಟೌಟು ನಿಲ್ಲಿಸಲು ಹೋದ ಹುಡುಗರಿಗೆ ಕರೆಂಟು ಹೊಡೆಯಿತು. ಮೂವರು ಸತ್ತರು. ಈ ಪತ್ರಿಕೆ ಓದುವ ನಿಮ್ಮ ವಯಸ್ಸಿನವರೇ. ಸುದ್ದಿ ತಿಳಿದು ಯಶ್ ಆ ಊರಿಗೇ ಹೋಗಿ ಮನೆಯವರನ್ನು ಕಂಡರು. ಬ್ಯಾನರ್ ಕಟ್ಟಬೇಡಿ, ಬೈಕಿನಲ್ಲಿ ಬೆನ್ನಟ್ಟಬೇಡಿ, ಈ ತರಹದ ಅಭಿಮಾನ ಬೇಡ ಅಂತ ಕೇಳಿಕೊಂಡರು. ಹೀರೋನೇ ಬೇಡ ಅಂದ ಮೇಲೆ ನಾವು ಯಾರಿಗೋಸ್ಕರ ಕಂಬ ಹತ್ತಬೇಕು?

ಹಾಗಂತ ಹಬ್ಬ ಬಿಡಬೇಕಾ? ಖಂಡಿತ ಬಿಡಬೇಡಿ! ಹಬ್ಬವನ್ನು ಬೀದಿಯಿಂದ ಮನೆಯೊಳಕ್ಕೆ ತನ್ನಿ, ಅಷ್ಟೇ.

ಬೆಂಗಳೂರಿನಲ್ಲಿ ಈಗ ಮಗುವಿಗೆ ಒಂದು ವರ್ಷ ಆದರೂ ಥೀಮ್ ಪಾರ್ಟಿ, ಅಜ್ಜನಿಗೆ 80 ಆದರೂ ಥೀಮ್ ಪಾರ್ಟಿ. ಥೀಮ್ ಅಂದರೆ ಹೆದರಬೇಡಿ, ಹಬ್ಬಕ್ಕೊಂದು ಕಥೆ ಇರಬೇಕು ಅಂತ ಅರ್ಥ. ದುಡ್ಡಿದ್ದವರು ಈವೆಂಟ್‌ನವರನ್ನು ಕರೆಸುತ್ತಾರೆ. ಅವರು ಬಲೂನಿನ ಕಮಾನು ಕಟ್ಟಿ, ಥರ್ಮೋಕೋಲಿನಲ್ಲಿ ಹೆಸರು ಕೊರೆದು, ಬಿಲ್ಲು ಕೈಗಿಟ್ಟು ಹೋಗುತ್ತಾರೆ. ಬಂದವರು ಕಮಾನಿನ ಮುಂದೆ ಫೋಟೋ ತೆಗೆಸಿಕೊಂಡು, ಉಂಡು, ಎಲೆಅಡಿಕೆ ಹಾಕಿಕೊಂಡು ಹೊರಟರೆ ಪಾರ್ಟಿ ಮುಗಿಯಿತು. ಸೆಟ್ಟು ಭರ್ಜರಿ, ಕಥೆ ಸೊನ್ನೆ! ನಾನು ಹೇಳುವ ಥೀಮಿಗೆ ಬೇಕಾದದ್ದು ಒಂದು ಬಿಳಿ ಬೆಡ್‌ಶೀಟು, ನಾಲ್ಕು ಚಾಪೆ, ಮನೆಯಲ್ಲಿರುವಷ್ಟು ಕುರ್ಚಿ. ಥೀಮಿನ ಹೆಸರು, ಟೆಂಟ್ ಸಿನಿಮಾ.

ಟೆಂಟ್ ಅಂದರೆ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ನಾನೂ ಮನೆಯ ಹಿರಿಯರಿಂದ ಕೇಳಿ ತಿಳಿದವನೇ. ಊರಾಚೆ ಬಯಲಿನಲ್ಲಿ ಡೇರೆ. ನೆಲಕ್ಕೆ ಮರಳು. ನೆಲ, ಬೆಂಚು, ಕುರ್ಚಿ ಅಂತ ದರ್ಜೆಗಳು. ಹೆಂಗಸರಿಗೆ ಒಂದು ಕಡೆ, ಗಂಡಸರಿಗೆ ಒಂದು ಕಡೆ. ಹಗಲು ಹೊತ್ತು ಗಾಡಿಗೆ ಪೋಸ್ಟರ್ ಕಟ್ಟಿ, ತಮಟೆ ಬಾರಿಸುತ್ತಾ, ಬಣ್ಣದ ಕಾಗದದ ಹ್ಯಾಂಡ್‌ಬಿಲ್ ಎಸೆಯುತ್ತಾ ಊರು ಸುತ್ತುತ್ತಿದ್ದರು. ಸಂಜೆ ಮೈಕಿನಲ್ಲಿ ಘಂಟಸಾಲರ ಭಕ್ತಿಗೀತೆ ಕೇಳಿಸಿತು ಅಂದರೆ ಆಟಕ್ಕೆ ಹೊತ್ತಾಯಿತು ಅಂತ ಅರ್ಥ. ಉಣ್ಣುತ್ತಿದ್ದವರು ಅರ್ಧಕ್ಕೇ ಕೈ ತೊಳೆದು ಓಟ! ಒಳಗೆ ಇರುತ್ತಿದ್ದದ್ದು ಒಂದೇ ಪ್ರೊಜೆಕ್ಟರ್. ರೀಲು ಬದಲಿಸುವಾಗ ಆಟ ನಿಲ್ಲಲೇಬೇಕು. ಹಾಗಾಗಿ ಒಂದು ಸಿನಿಮಾಕ್ಕೆ ಎರಡು ಮೂರು ಇಂಟರ್‌ವಲ್ಲು. ಕಡ್ಲೆಕಾಯಿ, ಗೋಲಿ ಸೋಡಾ, ಹಾಡಿನ ಪುಸ್ತಕ ಎಲ್ಲದರ ವ್ಯಾಪಾರ ಆಗಲೇ.

ಈ ಡೇರೆಯನ್ನು ನಿಮ್ಮ ತಾರಸಿಗೋ ನಡುಮನೆಗೋ ತರೋದು ಹೇಗೆ? ಒಂದೊಂದಾಗಿ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ.

ಮೊದಲು ಕಥೆ. ಕಥೆ ಇಲ್ಲದೆ ಶೂಟಿಂಗ್‌ಗೆ ಹೊರಟ ನಿರ್ಮಾಪಕರ ಗತಿ ಏನಾಯಿತು ಅಂತ ನಮ್ಮ ಗಾಂಧಿನಗರವನ್ನು ಕೇಳಿ! ಬಾಸ್ ಹುಟ್ಟುಹಬ್ಬ ನೆಪಕ್ಕೆ ಇರಲಿ. ಆದರೆ ಮನೆಯಲ್ಲಿ ಯಾರಾದರೂ ಒಬ್ಬರು ಆ ದಿನದ ಹೀರೋ ಆಗಬೇಕು. ಅಮ್ಮನೋ, ತಾತನೋ, ಪಕ್ಕದ ಮನೆಯ ಆಟೋ ಓಡಿಸುವ ಮಾವನೋ. ಅವರು ಮೆಚ್ಚಿದ ಸಿನಿಮಾ ಯಾವುದು ಅಂತ ಒಂದು ವಾರ ಮುಂಚೆ ಮಾತಿಗೆ ಎಳೆದು ತಿಳಿದುಕೊಳ್ಳಿ. ಯಾರ ಜೊತೆ ನೋಡಿದ್ದು, ಯಾವ ಊರಲ್ಲಿ, ಟಿಕೆಟ್ಟಿಗೆ ಎಷ್ಟು ಕಾಸು, ಎಲ್ಲ ಕೇಳಿ. ಅರ್ಧ ಪಾರ್ಟಿ ಅಲ್ಲೇ ಆಗಿಹೋಗುತ್ತದೆ.

ಎರಡನೆಯದು ಹ್ಯಾಂಡ್‌ಬಿಲ್. ವಾಟ್ಸಾಪಿನಲ್ಲಿ ಒಂದು ಸಾಲು ಒಗೆದು ಕೈ ತೊಳೆದುಕೊಳ್ಳಬೇಡಿ. ಹಳದಿ ಇಲ್ಲವೇ ಗುಲಾಬಿ ಕಾಗದದ ಮೇಲೆ ಕೈಯಲ್ಲೇ ಬರೆದು ಜೆರಾಕ್ಸ್ ಮಾಡಿಸಿ. ‘ನಮ್ಮ ಮನೆ ಟೆಂಟಿನಲ್ಲಿ ಇಂದೇ ಪ್ರಾರಂಭ, ಇಂದೇ ಕಡೆಯ ಆಟ! ಬನ್ನಿ, ನೋಡಿ, ಆನಂದಿಸಿ!’ ಅಂತ ಇರಲಿ. ಓಣಿಯ ಮಕ್ಕಳ ಕೈಗೆ ಕೊಟ್ಟು ಒಂದು ತಟ್ಟೆ, ಒಂದು ಚಮಚ ಕೊಡಿ. ತಮಟೆಯ ಕೆಲಸ ಅವರು ನೋಡಿಕೊಳ್ಳುತ್ತಾರೆ.

ಮೂರನೆಯದು ಟಿಕೆಟ್ಟು. ಇದೇ ಮುಖ್ಯ. ಕುರ್ಚಿ ಟಿಕೆಟ್ಟು ದಿನಾ ಅಡುಗೆಮನೆಯಲ್ಲಿ ನಿಂತಿರುವವರಿಗೆ ಮಾತ್ರ. ಬೆಂಚು ವಯಸ್ಸಾದವರಿಗೆ. ನಾವು ಹುಡುಗರು ನೆಲಕ್ಕೆ! ಕುರ್ಚಿ ಟಿಕೆಟ್ಟಿನವರು ಆಟದ ನಡುವೆ ಎದ್ದು ಅಡುಗೆಮನೆ ಕಡೆ ಹೋದರೆ ದಂಡ ಅಂತ ಬರೆದು ಅಂಟಿಸಿ. ನಗುತ್ತಾರೆ, ಆದರೂ ಏಳುತ್ತಾರೆ. ಕೈ ಹಿಡಿದು ಕೂರಿಸಿ.

ನಾಲ್ಕನೆಯದು ರೀಲು. ರೀಲು ಅಂದ ತಕ್ಷಣ ಮೊಬೈಲ್ ತೆಗೀಬೇಡಿ ಮಾರಾಯ್ರೇ, ಆ ರೀಲು ಅಲ್ಲ! ಫಿಲ್ಮಿನ ಕಾಲದಲ್ಲಿ 1000 ಅಡಿಯ ಒಂದು ರೀಲು ಸುಮಾರು 11 ನಿಮಿಷ ಓಡುತ್ತಿತ್ತು. ಪಿಯುಸಿಗೆ ಅರ್ಧದಲ್ಲೇ ಸಲಾಂ ಹೊಡೆದು ಬಂದ ನನಗೂ ಈ ಲೆಕ್ಕ ಬರುತ್ತದೆ, ಮೂರು ರೀಲು ಅಂದರೆ 33 ನಿಮಿಷ. ಇಡೀ ಸಿನಿಮಾ ಹಾಕಿದರೆ ಮಕ್ಕಳು ಮಲಗುತ್ತವೆ, ಬಂದವರು ಗಡಿಯಾರ ನೋಡುತ್ತಾರೆ. ಮೂರು ರೀಲಿನಷ್ಟು ಸಾಕು. ಶುರುವಿನದೊಂದು, ಒಳ್ಳೇ ಹಾಡಿರುವುದೊಂದು, ಕಡೆಯದೊಂದು. ಪ್ರೊಜೆಕ್ಟರ್ ಬಾಡಿಗೆಗೆ ಸಿಕ್ಕರೆ ಸರಿ, ಇಲ್ಲದಿದ್ದರೆ ಮನೆಯ ಟಿವಿಯೇ ಪರದೆ. ತಾರಸಿಯಲ್ಲಿ ಬೆಡ್‌ಶೀಟು ಕಟ್ಟುವುದಾದರೆ ಹಗಲಲ್ಲೇ ಕಟ್ಟಿ, ಹಗ್ಗದಲ್ಲೇ ಕಟ್ಟಿ, ಕಬ್ಬಿಣದ ಪೈಪು ಬೇಡ. ತಲೆಯ ಮೇಲೆ ಕರೆಂಟಿನ ತಂತಿ ಹೋಗಿದ್ದರೆ ತಾರಸಿಯ ಆಸೆಯನ್ನೇ ಬಿಟ್ಟು ನಡುಮನೆಗೆ ಇಳಿಯಿರಿ.

ಐದನೆಯದು ಇಂಟರ್‌ವಲ್ಲು. ಪ್ರತಿ ರೀಲಿನ ನಡುವೆ ಒಂದು ಆಟ. ಒಂದು ಸಲ ಮೂಕಾಭಿನಯ, ಕೈಸನ್ನೆಯಲ್ಲೇ ಸಿನಿಮಾ ಹೆಸರು ಹೇಳಬೇಕು. ಇನ್ನೊಂದು ಸಲ ಅಂತ್ಯಾಕ್ಷರಿ, ಆದರೆ 1990ಕ್ಕಿಂತ ಹಿಂದಿನ ಹಾಡುಗಳು ಮಾತ್ರ. ಆಗ ನೋಡಿ ಮಜಾ! ದಿನಾ ಮೂಲೆಯಲ್ಲಿ ಕೂರುವ ಅಜ್ಜಿ ನಾಲ್ಕು ಹುಡುಗರನ್ನು ಒಬ್ಬರೇ ಸೋಲಿಸುತ್ತಾರೆ. ತಿನ್ನೋಕೆ ಚುರುಮುರಿ. 25 ಜನಕ್ಕೆ ಕಡ್ಲೆಪುರಿ 1 ಕೆ.ಜಿ., ಈರುಳ್ಳಿ 1 ಕೆ.ಜಿ., ಟೊಮೇಟೊ 1 ಕೆ.ಜಿ., ಹುರಿದ ಕಡ್ಲೆಬೀಜ ಅರ್ಧ ಕೆ.ಜಿ., ಕ್ಯಾರೆಟ್ ತುರಿ, ಕೊತ್ತಂಬರಿ ಸೊಪ್ಪು, ಆರು ನಿಂಬೆಹಣ್ಣು. ಹೆಚ್ಚಿಟ್ಟುಕೊಂಡಿರಿ, ಕಲಸೋದು ಮಾತ್ರ ಕೊಡುವ ಹೊತ್ತಿಗೆ. ಮೊದಲೇ ಕಲಸಿಟ್ಟರೆ ಮೆತ್ತಗಾಗಿ ಫ್ಲಾಪ್ ಸಿನಿಮಾದಂತಾಗುತ್ತದೆ. ಹಳೇ ಪೇಪರಿನ ಬದಲು ಬಿಳಿ ಹಾಳೆಯಲ್ಲೇ ಪೊಟ್ಟಣ ಕಟ್ಟಿ, ಅಚ್ಚಿನ ಮಸಿ ಹೊಟ್ಟೆಗೆ ಒಳ್ಳೆಯದಲ್ಲ.

ಇದು ಬರೀ ಬಾಯಿಮಾತಲ್ಲ, ನಮ್ಮ ಮನೆಯಲ್ಲಿ ಆಡಿ ನೋಡಿದ ಆಟ. ನಮ್ಮ ಸೋದರತ್ತೆಗೆ 60 ತುಂಬಿದಾಗ ಮಾಡಿದ್ದು. ಅವರು ಹೇಳಿದ ಸಿನಿಮಾ ‘ಬಂಗಾರದ ಮನುಷ್ಯ’. ಟಿ.ಕೆ. ರಾಮರಾವ್ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, 1972ರಲ್ಲಿ ಬಂದು ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ವರ್ಷ ಮೀರಿ ಓಡಿದ ಚಿತ್ರ. ನಮ್ಮೂರ ಟೆಂಟಿಗೆ ಅದು ಬರುವ ಹೊತ್ತಿಗೆ ಮತ್ತೆ ಕೆಲವು ವರ್ಷ ಆಗಿತ್ತಂತೆ. ಅತ್ತೆ ಆಗ ಲಂಗ ಹಾಕುವ ಹುಡುಗಿ. ಮಡಿಲಲ್ಲಿ ಪುಟ್ಟ ತಮ್ಮ. ಕಡೆಯ ರೀಲಿನ ಹೊತ್ತಿಗೆ ಆ ಮಗು ರಂಪ ಎಬ್ಬಿಸಿತು, ಸುತ್ತಲಿನವರು ಗದರಿದರು, ಅತ್ತೆ ಎತ್ತಿಕೊಂಡು ಹೊರಗೆ ಬಂದರು. ಆ ಮಗು ಬೇರೆ ಯಾರೂ ಅಲ್ಲ, ನಮ್ಮಪ್ಪ!

ಆಮೇಲೆ ಟಿವಿಯಲ್ಲಿ ಎಷ್ಟು ಸಲ ಬಂತೋ. ಅಷ್ಟು ಸಲವೂ ಅತ್ತೆ ನೋಡಿದ್ದು ಚೂರುಚೂರು. ಒಲೆಯ ಮೇಲೆ ಹಾಲು, ಬಾಗಿಲಲ್ಲಿ ನೆಂಟರು, ಮಕ್ಕಳ ಊಟ. ‘ಕಡೇಲಿ ರಾಜೀವಪ್ಪ ಮನೆ ಬಿಟ್ಟು ಹೊರಟು ಹೋಗ್ತಾನಂತಲ್ಲ, ಅದನ್ನ ನಾನು ಕೂತು ನೋಡೇ ಇಲ್ಲ ಕಣೋ’ ಅಂದರು. ಇಡೀ ಕಾರ್ಯಕ್ರಮ ಆ ಒಂದು ರೀಲಿಗೋಸ್ಕರ ಆಯಿತು ಅನ್ನಿ. ಅವತ್ತು ಅಡುಗೆಮನೆ ಅಪ್ಪನದು. ಕುಕ್ಕರ್ ಕೂಗಿದಾಗೆಲ್ಲ ಅತ್ತೆ ಏಳೋದು, ನಾವು ಕೂರಿಸೋದು. ಕಡೆಯ ರೀಲು ಮುಗಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ಅಷ್ಟು ಜನಕ್ಕೆ ಮಾಡಿದೋನು, ಒಬ್ಬನೇ ಹೋದನಲ್ಲೋ’ ಅಂದರು. ಅಪ್ಪ ಏನೂ ಮಾತಾಡದೆ ಚುರುಮುರಿ ಪೊಟ್ಟಣ ತಂದು ಅಕ್ಕನ ಕೈಗಿಟ್ಟರು. ‘ಖಾರ ಸಾಲದು’ ಅಂದರು ಅತ್ತೆ.

ಎಲ್ಲರ ಮನೆಗೂ ಇದೇ ಸಿನಿಮಾ ಒಪ್ಪಬೇಕಾಗಿಲ್ಲ. ಸಂದರ್ಭ ನೋಡಿ ಆರಿಸಿ. ಶಾಲೆಯ ಗೆಳೆಯರೆಲ್ಲ ಸೇರಿ ಹಳೇ ಮೇಷ್ಟ್ರನ್ನು ಮನೆಗೆ ಕರೆಯುತ್ತೀರಾ? ಪುಟ್ಟಣ್ಣನವರ ‘ನಾಗರಹಾವು’ ಹಾಕಿ. 1972ರದೇ. ರಾಮಾಚಾರಿಯಾಗಿ ವಿಷ್ಣು, ಚಾಮಯ್ಯ ಮೇಷ್ಟ್ರಾಗಿ ಅಶ್ವಥ್. ಕಡೆಯ ರೀಲು ಮಾತ್ರ ಬೇಡ, ಬಂದ ಮೇಷ್ಟ್ರು ಗಾಬರಿಯಾದಾರು! ಅಪ್ಪ ನಿವೃತ್ತಿಯಾದ ದಿನ 1971ರ ‘ಕಸ್ತೂರಿ ನಿವಾಸ’ ಬೇಡ. ಕೊಟ್ಟು ಕೊಟ್ಟು ಎಲ್ಲ ಕಳೆದುಕೊಂಡವನ ಕಥೆ ನೋಡಿದರೆ ಪಿಂಚಣಿ ಲೆಕ್ಕ ಹಾಕುತ್ತಾ ರಾತ್ರಿಯೆಲ್ಲ ಎದ್ದಿರುತ್ತಾರೆ. ತಂಗಿಯ ನಿಶ್ಚಿತಾರ್ಥಕ್ಕೆ 2006ರ ‘ಮುಂಗಾರು ಮಳೆ’ ಹಾಡುಗಳು ಸೊಗಸು, ಕಥೆ ಅಪಾಯ. ಪ್ರೀತಿಸಿದವನೇ ಹುಡುಗಿಯನ್ನು ಬಿಟ್ಟುಕೊಟ್ಟು ಹೋಗುತ್ತಾನೆ, ಭಾವ ಆಗುವವರ ಮುಖ ನೋಡೋಕಾಗಲ್ಲ! ಮಕ್ಕಳ ಹುಟ್ಟುಹಬ್ಬಕ್ಕೆ 1973ರ ‘ಗಂಧದ ಗುಡಿ’ ಒಳ್ಳೆಯದು. ಬಂದ ಮಕ್ಕಳಿಗೆ ಪ್ಲಾಸ್ಟಿಕ್ ಆಟಿಕೆಯ ಬದಲು ಒಂದೊಂದು ಗಿಡ ಕೊಟ್ಟು ಕಳಿಸಿ.

ಮಾರ್ಚ್ 17ಕ್ಕೋ ಏಪ್ರಿಲ್ 24ಕ್ಕೋ ಮಾಡುವವರಿಗೆ ಇನ್ನೊಂದು ಮಾತು. ಅಣ್ಣಾವ್ರು 2006ರಲ್ಲಿ, ಅಪ್ಪು 2021ರಲ್ಲಿ ಹೋಗುವಾಗ ಇಬ್ಬರೂ ಕಣ್ಣು ಕೊಟ್ಟು ಹೋದರು. ನೇತ್ರದಾನದ ಅರ್ಜಿಗಳನ್ನು ಮೊದಲೇ ತಂದು ಟಿಕೆಟ್ ಕೌಂಟರಿನ ಪಕ್ಕ ಇಟ್ಟಿರಿ. ಯಾರಿಗೂ ಬಲವಂತ ಬೇಡ, ಓದಿಕೊಳ್ಳಲಿ, ಮನಸ್ಸಾದವರು ತುಂಬಲಿ. ಆ ಒಂದು ಕಾಗದ ನೂರು ಲೀಟರ್ ಹಾಲಿನ ಅಭಿಷೇಕಕ್ಕಿಂತ ಮೇಲು.

ಖರ್ಚಿನ ವಿಚಾರ. ಗೆಳೆಯರು ಐದಾರು ಜನ ಸೇರಿ ಹಾಕಿಕೊಳ್ಳಿ, ಬಡ್ಡಿ ಸಾಲ ಮಾತ್ರ ಬೇಡವೇ ಬೇಡ. ಎಣ್ಣೆ ಪಾರ್ಟಿಯನ್ನು ಇದರೊಳಗೆ ಸೇರಿಸಬೇಡಿ, ಕುರ್ಚಿ ಟಿಕೆಟ್ಟಿನವರು ಎದ್ದು ಒಳಗೆ ಹೋದರೆ ವಾಪಸ್ ಬರಲ್ಲ. ಸ್ಪೀಕರ್ ಸದ್ದು ಪಕ್ಕದ ಮನೆಯ ಪರೀಕ್ಷೆ ಮಕ್ಕಳಿಗೆ ಕೇಳಿಸದಷ್ಟಿರಲಿ, ರಾತ್ರಿ 10ರೊಳಗೆ ಆಟ ಮುಗಿಯಲಿ.

ಆಟ ಮುಗಿಯಿತು ಅಂತ ಚಾಪೆ ಝಾಡಿಸಿ ಹೊರಡಬೇಡಿ ಮತ್ತೆ! ಅಡುಗೆಮನೆಯ ತೊಟ್ಟಿಯಲ್ಲಿ 25 ಲೋಟ, 25 ತಟ್ಟೆ, ತಳ ಹಿಡಿದ ಒಂದು ಪಾತ್ರೆ ಇರುತ್ತವೆ. ಅದು ನಿಜವಾದ ಕಡೆಯ ರೀಲು. ಆ ರೀಲಿನ ಹೀರೋ ಯಾರು ಅಂತ ಹ್ಯಾಂಡ್‌ಬಿಲ್‌ನಲ್ಲೇ ದಪ್ಪ ಅಕ್ಷರದಲ್ಲಿ ಹಾಕಿಬಿಡಿ, ನಿಮ್ಮದೇ ಹೆಸರು.

ಮುಂದಿನ ವಾರ ಇದೇ ನೆಲದ ಮೇಲೆ ಸಿಗೋಣ. ಬರುವಾಗ ಕಡ್ಲೆಕಾಯಿ ತನ್ನಿ!