ಕಾರಿನೊಳಗೆ ಮಾತಾಡುವ ಯಂತ್ರ ಯಾವದಿರಬೇಕು?



ಟಿಕೋಟೆಯಲ್ಲಿ ದ್ರಾಕ್ಷಿಯ ತೋಟ ಮಾಡಿಕೊಂಡಿರುವ ನಮ್ಮ ತಮ್ಮನ ಮಗನು ಕೆಲವು ದಿವಸಗಳ ಹಿಂದೆ ವಿಜಯಪುರದ ನಮ್ಮ ಮನೆಗೆ ಬಂದು ಎರಡು ಯಂತ್ರಗಳ ನ್ಯಾಯವನ್ನು ನಮ್ಮ ಮುಂದೆ ಇಟ್ಟನು. “ದೊಡ್ಡಪ್ಪ, ಕಾರಿನ್ಯಾಗ ಕಂಪನಿಯವ್ರು ಕೂಡ್ರಿಸಿದ ಬ್ಲೂಟೂತ್ ಅದ. ಪುಣೆ ಮಾಮಾ ಕೊಟ್ಟ ಜಿಪಿಎಸ್ ಡಬ್ಬಿಯೊಳಗೂ ಫೋನ್ ಮಾತಾಡೂ ಸೌಲತ್ತು ಅದ. ಎರಡರಾಗ ಯಾವದಕ್ಕ ಹಚ್ಚಲಿ, ನೀವ ಹೇಳ್ರಿ” ಎಂದನು. ಸಂಧಿ-ಸಮಾಸಗಳನ್ನು ಕಲಿಸಿ ನಿವೃತ್ತರಾದ ನಮ್ಮನ್ನು ಇಂಥ ಪ್ರಶ್ನೆ ಕೇಳಿದವನನ್ನು ಬೇರೆ ಯಾವಾಗಲಾದರೂ ನಕ್ಕು ಕಳಿಸುತ್ತಿದ್ದೆವು. ಆದರೆ ಈ ಸಲ ನಗು ಬರಲಿಲ್ಲ; ಏಕೆಂದರೆ ಅವನಿಗೂ ನಮಗೂ ನಡುವೆ ಪುಷ್ಯಮಾಸದ ಒಂದು ಸಂಜೆ ನಿಂತುಕೊಂಡಿತ್ತು.

ಆ ಸಂಜೆ ನಮ್ಮ ಮನೆಯವರು ಬಬಲೇಶ್ವರದ ಬೀಗರ ಮನೆಯಿಂದ ಇವನ ಕಾರಿನಲ್ಲಿ ಹೊರಟಿದ್ದರು. ಹೊತ್ತು ಮುಳುಗಿತ್ತು, ಕತ್ತಲು ಪೂರ್ತಿ ಆಗಿರಲಿಲ್ಲ. ಕಬ್ಬು ಕಡಿಯುವ ದಿನಗಳಲ್ಲಿ ನಮ್ಮ ರಸ್ತೆಗಳ ಪರಿ ಬಲ್ಲವರೇ ಬಲ್ಲರು: ಒಂದು ಟ್ರಾಕ್ಟರಿನ ಬೆನ್ನಿಗೆ ಎರಡು ಟ್ರೇಲರು, ಅವುಗಳ ಮೇಲೆ ಆಕಾಶಕ್ಕೆ ಮುಟ್ಟುವ ಕಬ್ಬು, ಹಿಂದೆ ಒಂದು ಕೆಂಪುದೀಪವೂ ಇಲ್ಲ. ಅಂಥದೊಂದು ಟ್ರಾಕ್ಟರು ಮುಂದೆ ಹೋಗುತ್ತಿರುವ ಕಾಲಕ್ಕೇ ಹುಡುಗನ ಕಿಸೆಯಲ್ಲಿಯ ಮೊಬೈಲು ಕೂಗಿತು. ಅವನು ಅದನ್ನು ತೆಗೆದು ಯಾರದೆಂದು ನೋಡಿದನು. ತಲೆ ಎತ್ತುವಷ್ಟರಲ್ಲಿ ಕಬ್ಬು ಕಣ್ಣಮುಂದೆ. ಬ್ರೇಕು ಹಾಕಿ ತಿರುವಿದ್ದರಿಂದ ಕಾರು ರಸ್ತೆ ಬಿಟ್ಟು ಎರೆಭೂಮಿಯಲ್ಲಿ ಇಳಿದು ನಿಂತಿತು. ಪ್ರಾಣಕ್ಕೆ ಅಪಾಯವಾಗಲಿಲ್ಲ. ಮುಂದಿನ ಆಸನಕ್ಕೆ ಕೈ ಊರಿದ ನಮ್ಮ ಮನೆಯವರ ಬಲಗೈ ಮಣಿಕಟ್ಟಿನ ಎಲುಬು ಮುರಿದು, ಆರು ವಾರ ಪಟ್ಟಿ ಕಟ್ಟಿಸಿಕೊಂಡು ಕೂಡ್ರಬೇಕಾಯಿತು.

ಆ ಕರೆ ಮಾಡಿದವರು ನಾವು. ರಾತ್ರಿಗೆ ಅನ್ನಕ್ಕೆ ಇಡಬೇಕೋ ಬೇಡವೋ ಎಂದು ಕೇಳುವದಷ್ಟೇ ನಮ್ಮ ಕಾರ್ಯವಾಗಿತ್ತು.

ಕಾರಿನಲ್ಲಿ ಯಂತ್ರವಿದ್ದೂ ಹುಡುಗನು ಮೊಬೈಲನ್ನು ಕೈಯಲ್ಲಿ ಏಕೆ ಹಿಡಿದನೆಂದು ವಾಚಕರು ಕೇಳಬಹುದು. ಆ ಕಾರನ್ನು ಅವನು ಮತ್ತೊಬ್ಬರಿಂದ ಕೊಂಡದ್ದು. ಹಿಂದಿನ ಒಡೆಯರ ಮನೆಯವರೆಲ್ಲರ ಮೊಬೈಲುಗಳು ಅದರ ನೆನಪಿನಲ್ಲಿ ತುಂಬಿ ಕುಳಿತು ಹೊಸದಕ್ಕೆ ಸ್ಥಳವೇ ಉಳಿದಿರಲಿಲ್ಲ. ಒಂದೆರಡು ಸಲ ಯತ್ನಿಸಿ, ಆಗಲಿಲ್ಲವೆಂದು ಬಿಟ್ಟುಬಿಟ್ಟಿದ್ದನು. ಹಳೆಯ ಜೋಡಣೆಗಳನ್ನು ಅಳಿಸಿದರೆ ಐದು ನಿಮಿಷದ ಕೆಲಸ. ಕಾರನ್ನು ಮಾರುವವರೂ ಇದನ್ನು ಮನಸ್ಸಿನಲ್ಲಿಡಬೇಕು; ಕೆಲವು ಕಾರುಗಳು ಮೊಬೈಲಿನಲ್ಲಿಯ ಹೆಸರಿನ ಪಟ್ಟಿಯನ್ನೇ ನಕಲು ಮಾಡಿ ಇಟ್ಟುಕೊಳ್ಳುತ್ತವೆ. ನಮ್ಮ ಅತ್ತೆ-ಮಾವಂದಿರ, ವೈದ್ಯರ, ಸಾಲಗಾರರ ಹೆಸರುಗಳನ್ನು ಅಪರಿಚಿತರಿಗೆ ಕಾರಿನ ಸಂಗಡ ದಾನ ಮಾಡುವದು ಯಾರಿಗೂ ಬೇಕಾದ ಪುಣ್ಯವಲ್ಲ.

ಈಗ ಎರಡು ಯಂತ್ರಗಳ ಸ್ವರೂಪವನ್ನು ಹೇಳುವೆವು. ಬ್ಲೂಟೂತ್ ಎಂದರೆ ‘ನೀಲದಂತ’. ನೀಲವಾದ ದಂತವುಳ್ಳವನು ಯಾವನೋ ಅವನು ನೀಲದಂತನು, ಬಹುವ್ರೀಹಿ ಸಮಾಸ. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕ ದೇಶವನ್ನು ಒಂದುಗೂಡಿಸಿ ಆಳಿದ ಹರಾಲ್ಡನೆಂಬ ಅರಸನ ಅಡ್ಡಹೆಸರು ಅದು. ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ 1994ರಲ್ಲಿ ಮೊದಲಾದ ಈ ವಿದ್ಯೆಗೆ, ಬೇರೆ ಬೇರೆ ಯಂತ್ರಗಳನ್ನು ಒಂದುಗೂಡಿಸುವದೆಂಬ ಕಾರಣದಿಂದ ಆ ಹೆಸರನ್ನಿಟ್ಟರು. 1998ರಲ್ಲಿ ಹಲವು ಕಂಪನಿಗಳು ಕೂಡಿ ಇದರ ಸಂಘ ಕಟ್ಟಿದವು. ತಂತಿಯಿಲ್ಲದೆ ಸುಮಾರು ಹತ್ತು ಮೀಟರಿನೊಳಗೆ ಒಂದು ಯಂತ್ರವು ಮತ್ತೊಂದರೊಡನೆ ಮಾತಾಡುವದು, ಇಷ್ಟೇ ಇದರ ಕೆಲಸ. ಮೊಬೈಲು ಕಿಸೆಯಲ್ಲಿಯೇ ಇರುವದು. ಮಾತನ್ನು ಹಿಡಿಯುವ ಮೈಕು ಮತ್ತು ಬಿತ್ತರಿಸುವ ಸ್ಪೀಕರುಗಳು ಕಾರಿನವು.

ಜಿ.ಪಿ.ಎಸ್. ಎಂಬದು ಬೇರೆಯೇ ಸಂಗತಿ. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ತಿರುಗುವ ಅಮೇರಿಕದ ಉಪಗ್ರಹಗಳಿಂದ ಬರುವ ಸಂಕೇತಗಳನ್ನು ಕೇಳಿ, ಕಡಮೆಯೆಂದರೆ ನಾಲ್ಕು ಉಪಗ್ರಹಗಳ ದೂರವನ್ನು ಲೆಕ್ಕ ಹಾಕಿ, ನಾವು ಎಲ್ಲಿದ್ದೇವೆಂಬದನ್ನು ಈ ಡಬ್ಬಿಯು ಕಂಡುಕೊಳ್ಳುವದು. ಡಬ್ಬಿಯು ಉಪಗ್ರಹಕ್ಕೆ ಏನನ್ನೂ ಹೇಳುವದಿಲ್ಲ, ಬರಿದೆ ಕೇಳುವದು. ಆದುದರಿಂದ ಈ ಡಬ್ಬಿಯ ಮೂಲಕ ಮಾತಾಡಿದರೆ ಮಾತು ಆಕಾಶಮಾರ್ಗವಾಗಿ ಹೋಗಿ ಹೆಚ್ಚು ಸ್ಪಷ್ಟವಾಗುವದೆಂದು ನಮ್ಮ ಹುಡುಗನು ತಿಳಿದದ್ದು ಶುದ್ಧ ಭ್ರಮೆ. ಡಬ್ಬಿಯೊಳಗೂ ಅದೇ ನೀಲದಂತನೇ ಕುಳಿತಿದ್ದಾನೆ. ಕರೆಯು ಹೋಗುವದು ಮೊಬೈಲಿನಿಂದಲೇ. ಹೀಗಿರಲು ಪ್ರಶ್ನೆ ಉಳಿದದ್ದು ಒಂದೇ: ಯಾವದರ ಕಿವಿ ಒಳ್ಳೆಯದು, ಯಾವದರ ಬಾಯಿ ಒಳ್ಳೆಯದು?

ಇದನ್ನು ಪುಸ್ತಕ ನೋಡಿ ತೀರ್ಮಾನಿಸುವಂತಿರಲಿಲ್ಲ. ಒಂದು ಬೆಳಿಗ್ಗೆ ಟಿಕೋಟೆಯ ರಸ್ತೆ ಹಿಡಿದೆವು. ನಾವು ಹುಡುಗನ ಪಕ್ಕದಲ್ಲಿ. ನಮ್ಮ ಮನೆಯವರು ವಿಜಯಪುರದ ಮನೆಯಲ್ಲಿ, ಪಟ್ಟಿ ಬಿಚ್ಚಿದ ಕೈಯಲ್ಲಿ ದೂರವಾಣಿ ಹಿಡಿದುಕೊಂಡು, ಪರೀಕ್ಷಕರಾಗಿ. ಪ್ರತಿ ಸಲವೂ ಕಾರನ್ನು ಬದಿಗೆ ನಿಲ್ಲಿಸಿ, ಎಂಜಿನ್ನನ್ನು ಮಾತ್ರ ನಡೆಯಗೊಟ್ಟು ಮಾತಾಡಿಸಿದೆವು. ಮೊದಲು ಡಬ್ಬಿಯ ಸರದಿ. ಅತ್ತಣಿಂದ ತೀರ್ಪು ಕೂಡಲೆ ಬಂದಿತು: “ಗೋಳಗುಮ್ಮಟದಾಗ ನಿಂತು ಮಾತಾಡಿದಂಗ ಆಗ್ತದ. ನನ್ನ ಮಾತ ನನಗ ತಿರುಗಿ ಬರ್ತದ!”

ಇದಕ್ಕಿಂತ ಸರಿಯಾದ ಉಪಮೆಯನ್ನು ಯಾವ ಪಂಡಿತನೂ ಹುಡುಕಲಾರನು. ಮುಹಮ್ಮದ ಆದಿಲಶಾಹನ ಆ ಗೋರಿಯ ಗುಮ್ಮಟದೊಳಗೆ ಒಂದು ಕಡೆ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರಿನ ಗೋಡೆಯ ಬಳಿ ಕೇಳಿಸುವದು. ಚಪ್ಪಾಳೆ ಹೊಡೆದರೆ ಮರುದನಿ ಮತ್ತೆ ಮತ್ತೆ ಬರುವದು. ವಿಜಯಪುರದ ಮಕ್ಕಳು ಅಕ್ಷರ ಕಲಿಯುವ ಮೊದಲೇ ಇದನ್ನು ಕಲಿತಿರುತ್ತಾರೆ. ಡಬ್ಬಿಯಲ್ಲಿ ಆಗುವದೂ ಇದೇ ಬಗೆ. ಅದರ ಚಿಕ್ಕ ಸ್ಪೀಕರಿನಿಂದ ಹೊರಟ ಮನೆಯವರ ದನಿಯು ಎದುರಿನ ಗಾಜಿಗೆ ಬಡಿದು, ಬೊಟ್ಟಿನ ದೂರದಲ್ಲಿರುವ ಮೈಕಿನಲ್ಲಿ ಹೊಕ್ಕು ಮರಳಿ ಮನೆಗೆ ಹೋಗುವದು. ಇಂಥ ಮರುದನಿಯನ್ನು ಲೆಕ್ಕ ಹಾಕಿ ಕಳೆದುಬಿಡುವ ಯುಕ್ತಿಯು ಎಲ್ಲ ಯಂತ್ರಗಳಲ್ಲಿಯೂ ಇದೆ. ಆದರೆ ಗಾಡಿಯ ಗದ್ದಲದಲ್ಲಿ ಕೇಳಿಸಲೆಂದು ದನಿಯನ್ನು ಪೂರ್ಣ ಏರಿಸಿದಾಗ ಚಿಕ್ಕ ಡಬ್ಬಿಯ ಲೆಕ್ಕವು ತಪ್ಪುವದು.

ತರುವಾಯ ಕಾರಿನ ಸ್ವಂತದ ಯಂತ್ರ. ಅದರ ಮೈಕು ಚಾಲಕನ ತಲೆಯ ಮೇಲೆ, ಚಾವಣಿಯಲ್ಲಿ; ಸ್ಪೀಕರುಗಳು ಬಾಗಿಲುಗಳಲ್ಲಿ, ಒಂದಕ್ಕೊಂದು ದೂರ. “ಈಗ ಎದುರಿಗೆ ಕೂತಂಗ ಅದ” ಎಂದು ಪರೀಕ್ಷಕರು ಅಂಕ ಕೊಟ್ಟರು. ಹುಡುಗನು ಉತ್ಸಾಹದಿಂದ ತಂಪುಗಾಳಿಯನ್ನು ಪೂರ್ಣ ಬಿಟ್ಟಾಗ ಮಾತ್ರ “ಮಳಿ ಸುರೀಲಿಕ್ಕ ಹತ್ತೇದೇನು?” ಎಂಬ ಪ್ರಶ್ನೆ ಬಂದಿತು, ಗಾಳಿಯು ನೇರ ಮೈಕಿಗೆ ಬಡಿಯುತ್ತಿತ್ತು. ಬೀಸುವ ದಿಕ್ಕನ್ನು ಬದಲಿಸಿದೊಡನೆ ಮಳೆ ನಿಂತಿತು.

ಡಬ್ಬಿಯ ಪಕ್ಷದಲ್ಲಿ ಹೇಳತಕ್ಕ ಮಾತೇ ಇಲ್ಲವೆಂದಲ್ಲ. ಅದನ್ನು ಈ ಗಾಡಿಯಿಂದ ತೆಗೆದು ಆ ಗಾಡಿಗೆ ಹಚ್ಚಬಹುದು. ನಕಾಶೆಗಳು ಅದರ ಹೊಟ್ಟೆಯೊಳಗೇ ಇರುವದರಿಂದ ಮೊಬೈಲಿನ ಜಾಲ ಸಿಕ್ಕದ ಕಡೆಯಲ್ಲಿಯೂ ದಾರಿ ತೋರಿಸುವದು. ಆದರೆ ನಮ್ಮ ಅಳಿಯಂದಿರ ಈ ಡಬ್ಬಿಯು ಇನ್ನೂ ನಮ್ಮೂರನ್ನು ‘ಬಿಜಾಪುರ’ವೆನ್ನುವದು. ಊರು ವಿಜಯಪುರವಾದದ್ದು 2014ನೆಯ ನವೆಂಬರ ಒಂದರಂದು. ಅಲ್ಲಿಂದೀಚೆಗೆ ಅದಕ್ಕೆ ಹೊಸ ನಕಾಶೆಯನ್ನು ಯಾರೂ ಹಾಕಿಸಿಲ್ಲ. ತೋಟದ ದಾರಿಗಳಂತೂ ಅದಕ್ಕೆ ಗೊತ್ತೇ ಇಲ್ಲ. ಗಾಜಿಗೆ ಅಂಟಿಕೊಳ್ಳುವ ಅದರ ರಬ್ಬರು ನಮ್ಮ ಬೇಸಿಗೆಯ 40 ಡಿಗ್ರಿಗೆ ಮೆತ್ತಗಾಗಿ ಚಾಲಕನ ತೊಡೆಯ ಮೇಲೆ ಬೀಳುವದು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಬ್ಯಾಟರಿಯೂ ಕೆಡುವದು. ದಾರಿ ತೋರಿಸುವ ಕೆಲಸವನ್ನು ಈಗ ಮೊಬೈಲುಗಳೇ ಮಾಡುವದರಿಂದ ಇಂಥ ಡಬ್ಬಿಗಳನ್ನು ಕೊಳ್ಳುವವರೂ ಕಡಮೆಯಾಗಿದ್ದಾರೆ. ಮನೆಯಲ್ಲಿ ಹಳೆಯದು ಇದ್ದವರು ಮಾತ್ರ ನಮ್ಮಂತೆ ವಿಚಾರದಲ್ಲಿ ಬೀಳುವರು.

ಎರಡನ್ನೂ ಕೂಡಿಯೇ ಹಚ್ಚಿಕೊಂಡರೆ ಹೇಗೆಂದು ಹುಡುಗನು ಕೇಳಿದನು. ಅದು ತೀರ ಕೆಟ್ಟ ದಾರಿ. ಕರೆ ಬಂದಾಗ ಮಾತು ಡಬ್ಬಿಯಲ್ಲಿ ಬರುವದೋ ಕಾರಿನಲ್ಲಿ ಬರುವದೋ ತಿಳಿಯದೆ ಚಾಲಕನು ಎರಡೂ ಕಡೆಗೆ ಕೈ ಚಾಚುವನು. ಗೊಂದಲವನ್ನು ನಿವಾರಿಸಲು ತಂದ ಯಂತ್ರವೇ ಗೊಂದಲಕ್ಕೆ ಮೂಲವಾಗುವದು. ಆದುದರಿಂದ ಡಬ್ಬಿಯ ನೆನಪಿನಿಂದ ಮೊಬೈಲನ್ನು ಅಳಿಸಿಹಾಕಿಸಿದೆವು. ದಾರಿ ಡಬ್ಬಿಗೆ, ಮಾತು ಕಾರಿಗೆ. ಹೀಗೆ ಮಾಡಿದ್ದರಿಂದ ಕರೆ ನಡೆದಾಗಲೂ ಡಬ್ಬಿಯು ತನ್ನ ಪಾಡಿಗೆ ತಾನು ತಿರುವುಗಳನ್ನು ಹೇಳುತ್ತ ಹೋಗುವದೆಂಬ ಅನುಕೂಲವೂ ದೊರೆಯಿತು.

ಕಾರಿನ ಯಂತ್ರದಲ್ಲಿ ಗೃಹಸ್ಥರು ತಿಳಿದಿರಬೇಕಾದ ದೋಷಗಳೆರಡು. ಅಂಗಳದಲ್ಲಿ ಕಾರನ್ನು ಚಾಲು ಮಾಡಿದೊಡನೆ, ಪಡಸಾಲೆಯಲ್ಲಿ ಮಾತಾಡುತ್ತಿರುವವರ ಕರೆಯು ಹಾರಿ ಕಾರಿಗೆ ಹೋಗಬಹುದು. ಎರಡನೆಯದಾಗಿ, ಅತ್ತಣವರ ಮಾತು ಕಾರಿನಲ್ಲಿದ್ದವರೆಲ್ಲರಿಗೂ ಕೇಳಿಸುವದು. ವರನ ಸೋದರಮಾವನು ಹಿಂದೆ ಕುಳಿತಿರುವಾಗ ನಮ್ಮ ನಾದಿನಿಯವರು ಕರೆ ಮಾಡಿ ವರನ ಮೂಗಿನ ವಿಷಯವಾಗಿ ಅಭಿಪ್ರಾಯವನ್ನು ವಿಸ್ತಾರವಾಗಿ ತಿಳಿಸಿದರು. ಆ ಸಂಬಂಧವು ಕೂಡಲಿಲ್ಲ, ಕಾರಣವನ್ನು ಹೇಳಬೇಕಾಗಿಲ್ಲ.

ಇನ್ನು ದ್ರಾಕ್ಷಿಯ ಪೆಟ್ಟಿಗೆಗಳನ್ನು ಸಾಗಿಸುವ ಅವನ ಪಿಕಪ್ ಗಾಡಿ. ಅದರಲ್ಲಿ ಸ್ವಂತದ ಯಂತ್ರವಿಲ್ಲವಾದ್ದರಿಂದ ಅದಕ್ಕಾದರೂ ಡಬ್ಬಿಯನ್ನು ಮಾತಿಗೆ ಹಚ್ಚುವೆನೆಂದನು. ನಾವು ಬೇಡವೆಂದೆವು. ತೆರೆದ ಕಿಟಕಿ, ಡೀಸೆಲ್ ಎಂಜಿನ್ನಿನ ಗದ್ದಲ. ಅತ್ತಣವನೂ ಕೂಗಬೇಕು, ಇತ್ತಣವನೂ ಕೂಗಬೇಕು. ಕೂಗುವ ಚಾಲಕನ ಕಣ್ಣು ರಸ್ತೆಯ ಮೇಲೆ ಎಷ್ಟು ನಿಲ್ಲಬಹುದು?

ಇಲ್ಲಿ ಹುಡುಗನು ಮೊದಲ ಸಲ ತುಸು ಸಿಟ್ಟಾದನು. “ಹಂಗಾಮಿನ್ಯಾಗ ವ್ಯಾಪಾರಿ ಫೋನ್ ಎತ್ತಲಿಲ್ಲಂದ್ರ ಅಂವ ಬ್ಯಾರೆ ತೋಟಕ್ಕ ಹೋಗ್ತಾನ್ರೀ ದೊಡ್ಡಪ್ಪ. ಮಳಿ ಬಂದ್ರ ಮಾಲೆಲ್ಲಾ ಹೋತು. ನಿಮಗ ಪಗಾರ ಬರ್ತಿತ್ತು” ಎಂದನು. ಈ ಮಾತು ನಮಗೆ ನಟ್ಟಿತು. ಸುಳ್ಳಲ್ಲದ ಕಾರಣ ಹೆಚ್ಚು ನಟ್ಟಿತು. ಬಳ್ಳಿಯ ಮೇಲೆ ಹಣ್ಣು ಮಾಗಿ ನಿಂತವನಿಗೆ ಕರೆಗಳೆಲ್ಲ ಒಂದೇ ಬಗೆಯವಲ್ಲ.

ಆದರೂ ನಾವು ಅವನಿಗೆ ಎರಡು ಸಂಗತಿಗಳನ್ನು ತಿಳಿಸಿದೆವು. ಕೈಯಲ್ಲಿ ಮೊಬೈಲು ಹಿಡಿದು ಗಾಡಿ ಹೊಡೆಯುವದನ್ನು 2019ರ ತಿದ್ದುಪಡಿಯು ಅಪಾಯಕರ ಚಾಲನೆಯಲ್ಲಿ ಸೇರಿಸಿದೆ; ಮೊದಲ ತಪ್ಪಿಗೆ 1000ದಿಂದ 5000 ರೂಪಾಯಿಗಳ ದಂಡ, ಇಲ್ಲವೆ ಸೆರೆ. 2020ರ ಅಕ್ಟೋಬರದಿಂದ ದಾರಿ ನೋಡುವದಕ್ಕಷ್ಟೇ, ಅದೂ ಚಿತ್ತ ಕೆಡದಂತೆ, ಅದಕ್ಕೆ ಅನುಮತಿ. ಎರಡನೆಯದು ಕಾಯಿದೆಗಿಂತ ದೊಡ್ಡದು. ಕೆನಡಾದ ಟೊರಾಂಟೋದಲ್ಲಿ ರೆಡಲ್‌ಮಾಯರ ಮತ್ತು ಟಿಬ್‌ಶಿರಾನಿ ಎಂಬವರು 699 ಜನ ಚಾಲಕರ ಅಪಘಾತಗಳನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ್ದೇನಂದರೆ, ದೂರವಾಣಿಯಲ್ಲಿ ಮಾತಾಡುವ ಕಾಲಕ್ಕೆ ಅಪಘಾತದ ಸಂಭವವು ನಾಲ್ಕು ಪಟ್ಟು ಹೆಚ್ಚು. ಕೈಯಲ್ಲಿ ಹಿಡಿಯದೆ ಮಾತಾಡುವ ಸಾಧನಗಳಿಂದಲೂ ಅದು ಕಡಮೆಯಾದದ್ದು ಕಂಡುಬರಲಿಲ್ಲ. ಒಂದೇ ಕಾಲಕ್ಕೆ ಎರಡು ಜ್ಞಾನಗಳು ಹುಟ್ಟದಿರುವದೇ ಮನಸ್ಸಿನ ಲಕ್ಷಣವೆಂದು ಗೌತಮನ ನ್ಯಾಯಸೂತ್ರದಲ್ಲಿ ನಾವು ಓದಿದ್ದೆವು; ಅದು ರಸ್ತೆಯ ಮೇಲೆ ಉಪಯೋಗಕ್ಕೆ ಬರುವದೆಂದು ಎಣಿಸಿರಲಿಲ್ಲ. ಅಷ್ಟಾವಧಾನ ಮಾಡುವವರಿದ್ದಾರಲ್ಲಾ ಎಂದರೆ, ಅವಧಾನಿಯು ಸಭೆಯಲ್ಲಿ ಕುಳಿತಿರುತ್ತಾನೆ. ಅವನ ಎದುರಿಗೆ ಕಬ್ಬಿನ ಟ್ರಾಕ್ಟರು ಬರುವದಿಲ್ಲ.

ಹಾಗಾದರೆ ಪಕ್ಕದಲ್ಲಿ ಕುಳಿತವರೊಡನೆ ಮಾತಾಡಬಾರದೇ? ಆಡಬಹುದು. ಪಕ್ಕದವನಿಗೂ ಎದುರಿನ ಟ್ರಾಕ್ಟರು ಕಾಣುವದು. ತಿರುವು ಬಂದಾಗ ಅವನು ತಾನಾಗಿ ಸುಮ್ಮನಾಗುವನು. ಮನೆಯಲ್ಲಿ ಒಲೆಯ ಮುಂದೆ ನಿಂತು ಅನ್ನದ ವಿಷಯ ಕೇಳುವವರಿಗೆ ಅದು ಕಾಣುವದಿಲ್ಲ. ನಮಗೆ ಕಂಡಿರಲಿಲ್ಲ.

ಕೊನೆಗೆ ಇಬ್ಬರೂ ಸೋತು ಒಂದು ಒಪ್ಪಂದಕ್ಕೆ ಬಂದೆವು. ಪಿಕಪ್ಪಿನಲ್ಲಿ ಮಾತಿಲ್ಲ, ಕರೆ ಬಂದರೆ ಬದಿಗೆ ನಿಲ್ಲಿಸಿ ತಿರುಗಿ ಮಾಡುವದು. ಕಾರಿನಲ್ಲಿ ಕಾರಿನದೇ ಯಂತ್ರ, ವ್ಯಾಪಾರಿಗಾದರೂ ಒಂದೇ ಮಾತು, “ಗಾಡಿಯೊಳಗ ಅದೀನಿ, ಹತ್ತು ನಿಮಿಷಕ್ಕ ಮಾಡ್ತೀನಿ.” ಮನೆಯವರ ಕರೆಗಳಿಗೆ ಅದೂ ಇಲ್ಲ, ಏಕೆಂದರೆ ಹೊರಟವರು ಮುಟ್ಟಿದ ಮೇಲೆ ತಾವೇ ಕರೆಯತಕ್ಕದ್ದು. ಅವನು ಈ ಒಪ್ಪಂದವನ್ನು ಪೂರ್ಣ ಪಾಲಿಸುವನೆಂಬ ಭರವಸೆ ನಮಗಿಲ್ಲ. ನಮ್ಮ ಪಾಲಿನದನ್ನು ನಾವು ಪಾಲಿಸುತ್ತಿದ್ದೇವೆ.

ಹೋದ ಸೋಮವಾರ ನಮ್ಮ ಮನೆಯವರು ಅದೇ ಕಾರಿನಲ್ಲಿ ಪುನಃ ಬಬಲೇಶ್ವರಕ್ಕೆ ಹೋದರು. ಹೊತ್ತು ಮುಳುಗಿತು. ಮುಟ್ಟುವ ವೇಳೆ ಮೀರಿತು. ನಾವು ದೂರವಾಣಿಯನ್ನು ಎರಡು ಸಲ ಕೈಗೆ ತೆಗೆದುಕೊಂಡು ಎರಡು ಸಲ ಕೆಳಗಿಟ್ಟೆವು. ಎಂಟು ದಾಟಿದ ಮೇಲೆ ಬೀಗರ ಅಂಗಳದಿಂದ ಕರೆ ಬಂದಿತು.

“ಒಲಿ ಮ್ಯಾಲಿನ ಹಾಲು ಇಳಿಸೀರೇನ್ರಿ?” ಎಂದು ಕೇಳಿದರು.

ಇಳಿಸಿರಲಿಲ್ಲ.