ಮೋಸಂಬಿ ಸಾಕು, ಸರದಿಗೆ ಹೆಸರು ಕೊಡಿ

ನಮ್ಮ ದಾವಣಗೆರೆಯಲ್ಲಿ ಒಬ್ಬನಿಗೆ ಕ್ಯಾನ್ಸರ್ ಅಂತ ಸುದ್ದಿ ಹಬ್ಬಿದರೆ ಸಾಕು, ಸಂಜೆಯೊಳಗೆ ಅವನ ಮನೆಯಲ್ಲಿ ಮೋಸಂಬಿ ರಾಶಿ ಬೀಳುತ್ತದೆ. ಪ್ರೀತಿಗೇನೂ ಬರ ಇಲ್ಲ ಸ್ವಾಮಿ. ಆದರೆ ಈ ಪ್ರೀತಿ ಬರಬಾರದ ದಿನ ಗುಂಪಾಗಿ ಬರುತ್ತದೆ, ಬೇಕಾದ ರಾತ್ರಿ ನಾಪತ್ತೆಯಾಗುತ್ತದೆ. ಪರರನ್ನು ಬೈಯುವ ಮೊದಲು ನನ್ನದೇ ತಪ್ಪು ಒಪ್ಪಿಕೊಳ್ಳುತ್ತೇನೆ.

ನಾನೂ ನನ್ನ ಗೆಳೆಯನೂ ಪಿಯುಸಿ ಅರ್ಧಕ್ಕೆ ಬಿಟ್ಟವರು. ನಾನು ಪತ್ರಿಕೆಗೆ ಬಂದೆ, ಅವನು ಆಟೊ ಹಿಡಿದ. 2023ರಲ್ಲಿ ಅವನ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಪರೀಕ್ಷೆಯಲ್ಲಿ ಲಿಂಫೋಮಾ ಅಂತ ಬಂತು. ಬೆಂಗಳೂರಿನ ಕಿದ್ವಾಯಿಯಲ್ಲಿ 21 ದಿನಕ್ಕೊಂದರಂತೆ ಆರು ಸುತ್ತು ಕೀಮೋ ಅಂದರು.

ಮೊದಲ ಸುತ್ತು ಮುಗಿಸಿ ಬಂದವನನ್ನು ನೋಡಿದರೆ ಇವನಿಗೇನು ರೋಗ ಅನ್ನಬೇಕು, ಹಾಗಿದ್ದ. ಈ ಚಿಕಿತ್ಸೆಯಲ್ಲಿ ಮೊದಲ ಐದು ದಿನ ಪ್ರೆಡ್ನಿಸೋಲೋನ್ ಮಾತ್ರೆ ಕೊಡುತ್ತಾರೆ. ಅದು ಒಳಗಿರುವಷ್ಟು ದಿನ ವಿಪರೀತ ಹಸಿವು, ರಾತ್ರಿ ನಿದ್ದೆ ಇಲ್ಲ, ಬಾಯಿ ತುಂಬ ಮಾತು. ಬಂದವರೆಲ್ಲ 'ಆರಾಮಿದಾನೆ ಬಿಡ್ರಿ' ಅಂತ ಹೊರಟುಹೋದರು. ಮಾತ್ರೆ ನಿಂತ ಮೇಲೆ ಗಾಳಿ ಬಿಟ್ಟ ಟೈರಿನ ಹಾಗೆ ಕುಸಿದ. ಬಾಯಲ್ಲಿ ಹುಣ್ಣು, ಅನ್ನಕ್ಕೆ ಕಬ್ಬಿಣದ ರುಚಿ. ಸುತ್ತುಗಳು ಕಳೆದಂತೆ ಬೆರಳು ಜೋಮು ಹಿಡಿದು ಅಂಗಿಯ ಗುಂಡಿ ಹಾಕಲೂ ಆಗುತ್ತಿರಲಿಲ್ಲ. ಕೂದಲು ಹೋದದ್ದಕ್ಕೆ ಅವನು ಅಷ್ಟು ಅಳಲಿಲ್ಲ, ಗುಂಡಿ ಹಾಕಲಾಗದ್ದಕ್ಕೆ ಅತ್ತ.

ಒಂಬತ್ತನೇ ದಿನ ನಾವು ಎಂಟು ಜನ ಹೋದೆವು. ನನಗೆ ನೆಗಡಿ. ಮಂಚದ ಮೇಲೇ ಕೂತು ಒಂದು ತಾಸು ಹರಟಿದೆ. ಕೀಮೋ ಕೊಟ್ಟ ಒಂದು ವಾರದಿಂದ ಎರಡು ವಾರದ ನಡುವೆ ರಕ್ತದ ಬಿಳಿಕಣ ತೀರಾ ಇಳಿಯುತ್ತದೆ, ಆಗ ಸಣ್ಣ ಸೋಂಕೂ ಜೀವಕ್ಕೆ ಎರವಾಗಬಹುದು ಅನ್ನುವುದು ನಮ್ಮಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಹೋಗಿರಲಿಲ್ಲ ಅನ್ನುವುದು ಹೆಚ್ಚು ನಿಜ.

ಹನ್ನೊಂದನೇ ರಾತ್ರಿ ಒಂದೂವರೆಗೆ ಅವನ ಹೆಂಡತಿಯ ಫೋನು. 'ಅಣ್ಣಾ, ಮೈ ಕೆಂಡ ಆಗೈತಿ. ಪಕ್ಕದ ಮನ್ಯಾರು ಜ್ವರದ ಗುಳಿಗೆ ಕೊಟ್ಟು ಬೆಳಿಗ್ಗೆ ನೋಡೋಣ ಅಂತಾರ.' ಆ ತಾಯಿ ಪಕ್ಕದ ಮನೆಯವರ ಮಾತು ಕೇಳದೆ ಫೋನು ಮಾಡಿದ್ದೇ ಪುಣ್ಯ. ಕೀಮೋ ರೋಗಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಿನವರೆಗೆ ಕಾಯುವ ಮಾತೇ ಇಲ್ಲ, ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. ಗುಳಿಗೆ ನುಂಗಿಸಿದರೆ ಜ್ವರ ಅಡಗಿ ಕೂರುತ್ತದೆ, ಸೋಂಕು ಒಳಗೆ ಬೆಳೆಯುತ್ತದೆ. ಸ್ಟ್ಯಾಂಡಿನ ಇನ್ನೊಬ್ಬ ಚಾಲಕನನ್ನು ಎಬ್ಬಿಸಿ ಅವನ ಆಟೊದಲ್ಲೇ ಹಾಕಿಕೊಂಡು ಹೋದೆವು. ಆರು ದಿನ ಆಂಟಿಬಯೋಟಿಕ್ ಹನಿ ಏರಿಸಿದರು, ಉಳಿದ. ಜ್ವರ ನಿನ್ನಿಂದಲೇ ಬಂತು ಅಂತ ಯಾವ ಡಾಕ್ಟರೂ ನನಗೆ ಹೇಳಲಿಲ್ಲ. ಆದರೂ ಆ ಆರು ದಿನ ನನ್ನ ಗಂಟಲಿನಲ್ಲಿ ಅನ್ನ ಇಳಿಯಲಿಲ್ಲ.

ಆಮೇಲೆ ಬುದ್ಧಿ ಬಂತು. ಸ್ಟ್ಯಾಂಡಿನ ಚಾಲಕರು ಒಂದು ಕ್ಯಾಲೆಂಡರಿನಲ್ಲಿ 21 ದಿನಕ್ಕೂ ಹೆಸರು ಬರೆದರು. ಬೆಂಗಳೂರಿಗೆ ಜೊತೆ ಹೋಗುವವರು ಇಬ್ಬರು, ಸರದಿಯಂತೆ. ಆರರಿಂದ ಹದಿನಾಲ್ಕನೇ ದಿನದವರೆಗೆ ಗುಂಪು ಬಂದ್. ನೆಗಡಿ ಇದ್ದವನು ಹೊರಗಿನಿಂದಲೇ ಮಾತಾಡಿ ಹೋಗಬೇಕು. ಆ ದಿನಗಳ ರಾತ್ರಿ ಒಬ್ಬನ ಫೋನು, ಒಬ್ಬನ ಆಟೊ ತಯಾರಿರಬೇಕು. ಮನೆಯಲ್ಲಿ ಥರ್ಮಾಮೀಟರು. ಕುದಿಸಿ ಆರಿಸಿದ ನೀರು, ಬಿಸಿ ಊಟ. ಕೆಂಪು ಔಷಧಿ ಕೊಟ್ಟ ಮಾರನೇ ದಿನ ಮೂತ್ರ ಕೆಂಪಗಾದರೆ ಅದು ಔಷಧಿಯ ಬಣ್ಣ ಅಂತ ಅವನ ಮುದುಕಿ ತಾಯಿಗೂ ಹೇಳಿಕೊಟ್ಟೆವು. ಇಲ್ಲದಿದ್ದರೆ ರಕ್ತ ಹೋಗ್ತಿದೆ ಅಂತ ಆಕೆ ಊರನ್ನೇ ಕೂಡಿಸುತ್ತಿದ್ದಳು.

ಮೂರನೇ ಸುತ್ತಿಗೆ ಹೋದಾಗ ಬಿಳಿಕಣ ಏರಿಲ್ಲ, ವಾರ ಬಿಟ್ಟು ಬನ್ನಿ ಅಂದರು. ಅಂಥ ದಿನ ರೋಗಿ ಒಬ್ಬನೇ ಇದ್ದರೆ ಎದೆ ಒಡೆದುಕೊಳ್ಳುತ್ತಾನೆ. ರೈಲ್ವೆಯವರಿಗೆ ಈ ಕಷ್ಟ ಗೊತ್ತಿದೆ ನೋಡಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರಿನಲ್ಲಿ ಪೂರ್ತಿ ರಿಯಾಯಿತಿ, ಜೊತೆಗಿರುವ ಒಬ್ಬನಿಗೆ ನೂರಕ್ಕೆ 75. ಆಸ್ಪತ್ರೆಯಿಂದ ಫಾರಂ ಬರೆಸಿಕೊಂಡರೆ ಆಯಿತು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯೂ ಇದೆ. ಜೊತೆ ಹೋದವನ ಆ ದಿನದ ದುಡಿಮೆಗೆ ಮಾತ್ರ ಯಾವ ಯೋಜನೆಯೂ ಇಲ್ಲ. ಅದನ್ನು ಸ್ಟ್ಯಾಂಡಿನವರೇ ತಲಾ ಇಪ್ಪತ್ತು ರೂಪಾಯಿ ಹಾಕಿ ತುಂಬಿದರು. ಇದೇ ಊರಿನಲ್ಲಿ ಅಂಗಡಿಗಳಿವೆ, ಮಂಡಿಗಳಿವೆ, ಕಚೇರಿಗಳಿವೆ. ಗೆಳೆಯನನ್ನು ಆಸ್ಪತ್ರೆಗೆ ಕರೆದೊಯ್ಯಲು ರಜೆ ಕೇಳಿದವನಿಗೆ 'ಅವನೇನು ನಿನ್ನ ತಮ್ಮನೇ?' ಅನ್ನುವ ಧಣಿಗಳೂ ಇದ್ದಾರೆ. ಅವರ ಮನೆಗೂ ಒಂದು ಸರದಿ ಬೇಕಾಗಬಹುದು ಅನ್ನುವ ಮಾತು ಬಾಯಿಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ.

2025ರಲ್ಲಿ ರಾಜ್ಯದ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಕೇಂದ್ರ ತೆರೆದರು. ಒಳ್ಳೆಯ ಕೆಲಸ, ಬೆಂಗಳೂರಿನ ತಿರುಗಾಟ ಎಷ್ಟೋ ಜನಕ್ಕೆ ತಪ್ಪುತ್ತದೆ. ಆದರೆ ಹೆಸರಿನಲ್ಲೇ ಇದೆಯಲ್ಲ, ಅದು ಹಗಲಿನ ಕೇಂದ್ರ. ಹನ್ನೊಂದನೇ ರಾತ್ರಿ ಮನೆಯಲ್ಲೇ ಬರುತ್ತದೆ.

ನನ್ನ ಗೆಳೆಯ ಈಗ ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಿ ಬರುತ್ತಾನೆ. ಬಿಸಿಲು ಏರುವವರೆಗೆ ಆಟೊ ಓಡಿಸುತ್ತಾನೆ, ಗುಂಡಿ ತಾನೇ ಹಾಕಿಕೊಳ್ಳುತ್ತಾನೆ. ಬರುವ ಸೋಮವಾರ ಅದೇ ಸ್ಟ್ಯಾಂಡಿನ ಇನ್ನೊಬ್ಬ ಚಾಲಕನ ಹೆಂಡತಿಗೆ ಮೊದಲ ಕೀಮೋ. ಕ್ಯಾಲೆಂಡರು ಮತ್ತೆ ಗೋಡೆಗೆ ಬಂದಿದೆ. ಮೊದಲ ಐದು ದಿನಕ್ಕೆ ಹೆಸರು ಕೊಡಲು ನೂಕುನುಗ್ಗಲು. ಹತ್ತನೇ ಮತ್ತು ಹನ್ನೆರಡನೇ ರಾತ್ರಿ ಇವತ್ತು ಮಧ್ಯಾಹ್ನ ನಾನು ನೋಡಿದಾಗಲೂ ಖಾಲಿ ಇದ್ದವು.