ಕಂಠ ಮಾಗಿತೋ, ಮಾಸಿತೋ?

ಹಿರಿಯ ಗಾಯಕರ ಹೊಸ ಧ್ವನಿಮುದ್ರಿಕೆ ಹೊರಬಂದಾಗ ವಿಮರ್ಶೆಯಲ್ಲಿ ಒಂದು ಮಾತು ಬಂದೇ ಬರುತ್ತದೆ: ‘ಕಂಠ ಮೊದಲಿನಂತಿಲ್ಲ’. ಮಾತು ಸುಳ್ಳಲ್ಲ. ಆದರೆ ಅದು ತೀರ್ಪೂ ಅಲ್ಲ, ಬರಿಯ ಅಳತೆ.

ಗಂಟಲಿನ ಎರಡು ಧ್ವನಿತಂತುಗಳು ಕಂಪಿಸಿದಾಗ ಸ್ವರ ಹುಟ್ಟುತ್ತದೆ. ವಯಸ್ಸಾದಂತೆ ಅವುಗಳ ಸ್ನಾಯು ತೆಳುವಾಗುತ್ತದೆ. ಶ್ವಾಸಕೋಶದ ಕಸುವೂ ಕುಗ್ಗುತ್ತದೆ. ತಂತುಗಳು ಪೂರ್ತಿ ಕೂಡದೆ ಗಾಳಿ ಸೋರಿ, ಸ್ವರದಲ್ಲಿ ನಡುಕವೂ ಒರಟುತನವೂ ಸೇರುತ್ತವೆ.

ಕೆನಡಾದ ಕವಿ, ಗಾಯಕ ಲಿಯೊನಾರ್ಡ್ ಕೊಹೆನ್ 2016ರ ಅಕ್ಟೋಬರಿನಲ್ಲಿ ‘ಯು ವಾಂಟ್ ಇಟ್ ಡಾರ್ಕರ್’ ಮುದ್ರಿಕೆ ಹೊರತಂದಾಗ ಅವರಿಗೆ 82 ವರ್ಷ. ದೇಹ ಸೋತಿದ್ದರಿಂದ ಮನೆಯಲ್ಲೇ ಕುರ್ಚಿಯಲ್ಲಿ ಕೂತು ಹಾಡಿದ್ದರು. ಅದು ಹಾಡಿಗಿಂತ ಮಾತಿಗೇ ಹತ್ತಿರ. ಆದರೂ ವಿಮರ್ಶಕರು ಬಹುವಾಗಿ ಮೆಚ್ಚಿದರು. ಸಾವಿಗೆ ಎದುರಾಗಿ ನಿಂತ ಮಾತಿಗೆ ಆ ಕಂಠವೇ ಒಪ್ಪುತ್ತಿತ್ತು. ಮರುತಿಂಗಳೇ ಕೊಹೆನ್ ತೀರಿಕೊಂಡರು. 2018ರಲ್ಲಿ ಶೀರ್ಷಿಕೆ ಗೀತೆಗೆ ಗ್ರ್ಯಾಮಿ ಪ್ರಶಸ್ತಿ ಬಂತು.

ನಮ್ಮಲ್ಲಿ ಶಿಶುನಾಳ ಶರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದ ಸಿ. ಅಶ್ವಥ್ (1939–2009) ಅವರದೂ ನಯವಾದ ಕಂಠವಲ್ಲ. 2005ರಲ್ಲಿ, 65ರ ವಯಸ್ಸಿನಲ್ಲಿ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ‘ಕನ್ನಡವೇ ಸತ್ಯ’ ಕಾರ್ಯಕ್ರಮ ನಡೆಸಿದಾಗ ಜನಸಾಗರವೇ ಸೇರಿತ್ತು. ಆದರೆ ಅವರ ರೀತಿಯ ಬಗ್ಗೆ ಆಕ್ಷೇಪವೂ ಇತ್ತು: ಹಾರ್ಮೋನಿಯಂ, ತಬಲಾ ಸಾಕಾಗಿದ್ದ ಭಾವಗೀತೆಗೆ ಇಷ್ಟೊಂದು ವಾದ್ಯಗಳ ಅಬ್ಬರವೇಕೆ? ಒಪ್ಪಲಿ, ಬಿಡಲಿ, ಇದು ಕೇಳಬೇಕಾದ ಪ್ರಶ್ನೆ. ಕವಿಯ ಮಾತು ಕೇಳುಗನನ್ನು ಮುಟ್ಟಿತೇ ಎಂಬುದು ಗಂಟಲಿನ ವಯಸ್ಸಿಗಿಂತ ದೊಡ್ಡದು.

ಅಶ್ವಥ್ ಬಹುಕಾಲ ದುಡಿದದ್ದು ಐಟಿಐ ದೂರವಾಣಿ ಕಾರ್ಖಾನೆಯಲ್ಲಿ. ಸ್ಥಿರ ದೂರವಾಣಿ ದಾಟಿಸುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಕಂಪನಗಳನ್ನು ಮಾತ್ರ. ಗಂಡಸಿನ ಮಾತಿನ ಮೂಲ ಕಂಪನ ಸುಮಾರು 120 ಹರ್ಟ್ಸ್. ಅದು ಈ ತುದಿಗೆ ಬರುವುದೇ ಇಲ್ಲ. ಆದರೂ ‘ಹಲೋ’ ಎಂದೊಡನೆ ಆಳು ಯಾರೆಂದು ತಿಳಿಯುತ್ತದೆ. ಉಳಿದ ಕಂಪನಗಳಿಂದಲೇ ಕಿವಿ ಕಳೆದದ್ದನ್ನು ತುಂಬಿಕೊಳ್ಳುತ್ತದೆ. ಹಿರಿಯರ ಹಾಡನ್ನೂ ಕಿವಿ ಹೀಗೆ ಕೇಳಬಲ್ಲದು.

ಈ ಮಾತು ಹುಡುಗರಿಗೂ ಸಲ್ಲುತ್ತದೆ. 13–14ರ ಸುಮಾರಿಗೆ ಧ್ವನಿತಂತು ಉದ್ದವಾಗಿ, ದಪ್ಪವಾಗಿ, ಸ್ವರ ಹೆಚ್ಚುಕಡಿಮೆ ಒಂದು ಸ್ಥಾಯಿ ಇಳಿಯುತ್ತದೆ. ರಾಜಾಜಿನಗರದ ರಾಜ್ಯೋತ್ಸವ ವೇದಿಕೆಯಲ್ಲಿ ಹೋದ ವರ್ಷ ಶರೀಫರ ಪದ ಹಾಡಿ ಚಪ್ಪಾಳೆ ಗಿಟ್ಟಿಸಿದ ಹುಡುಗನ ಸ್ವರ ಈ ವರ್ಷ ಒಡೆದರೆ, ‘ಹಾಡಿದ್ದು ಸಾಕು, ಓದಿಕೋ’ ಎಂದುಬಿಡುವ ಮನೆಗಳುಂಟು. ಆ ಒಂದು ಮಾತಿಗೆ ಎಷ್ಟೋ ಹುಡುಗರು ಹಾಡುವುದನ್ನೇ ಬಿಡುತ್ತಾರೆ. ಕಿರುಚದೆ, ತಗ್ಗಿದ ಶ್ರುತಿಯಲ್ಲಿ ಕೆಲಕಾಲ ಹಾಡಿಕೊಂಡಿರಲು ಬಿಟ್ಟರೆ ಸಾಕು. ಹೊಸ ಕಂಠ ತಾನಾಗಿ ನೆಲೆಗೊಳ್ಳುತ್ತದೆ.